ಎಡಗಣ್ಣಿನ ಮಂಜು

ಆ ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ರಾಜೀವಿ ಕಚೇರಿಯ ತಾರಸಿಯಲ್ಲಿ ನಿಂತು, ಕೈಯಲ್ಲಿದ್ದ ದಾಖಲೆ ಪುಸ್ತಕದಲ್ಲಿ 'ಮಬ್ಬು, ನಾಲ್ಕು ಕಿಲೋಮೀಟರ್' ಎಂದು ಬರೆದಳು. ಬರೆದಾದ ಮೇಲೂ ಕೆಳಗಿಳಿಯಲು ಮನಸ್ಸಾಗಲಿಲ್ಲ. ತಿರುವನಂತಪುರ ಇಷ್ಟು ಚಂದ ಕಂಡದ್ದು ಅವಳಿಗೆ ನೆನಪಿರಲಿಲ್ಲ. ಇಗರ್ಜಿಯ ಗೋಪುರ ಹಾಲಿನಲ್ಲಿ ಅದ್ದಿ ತೆಗೆದ ಹಾಗಿತ್ತು. ತೆಂಗಿನ ತಲೆಗಳು ಒಂದರೊಳಗೊಂದು ಕರಗಿ ಒಂದೇ ಹಸಿರಾಗಿದ್ದವು. ಪೂರ್ವದ ಬೆಟ್ಟಗಳನ್ನು ಯಾರೋ ಬರೆದು, ಬೇಡವೆಂದು ಬೆರಳಿನಿಂದ ಒರೆಸಿಬಿಟ್ಟ ಹಾಗಿತ್ತು.

ನೋಡುವುದೇ ಅವಳ ಉದ್ಯೋಗ. ಕೇಂದ್ರ ಸರಕಾರದ ಒಂದು ಹವಾಮಾನ ಕಚೇರಿಯಲ್ಲಿ ಅವಳು ವೀಕ್ಷಕಿ. ಮೂರು ಗಂಟೆಗೊಮ್ಮೆ ತಾರಸಿ ಹತ್ತಿ, ಆಕಾಶವನ್ನು ಎಂಟು ಪಾಲು ಮಾಡಿದರೆ ಎಷ್ಟು ಪಾಲಿನಲ್ಲಿ ಮೋಡವಿದೆ, ಯಾವ ಬಗೆಯ ಮೋಡ, ಕಣ್ಣು ಎಷ್ಟು ದೂರ ಹಾಯುತ್ತದೆ ಎಂದು ನೋಡಿ ಬರೆಯಬೇಕು. ದೂರ ಅಳೆಯಲು ಗುರುತುಗಳಿದ್ದವು: ಒಂದು ಕಿಲೋಮೀಟರಿಗೆ ಇಗರ್ಜಿ, ಎರಡಕ್ಕೆ ನೀರಿನ ಟ್ಯಾಂಕು, ಏಳಕ್ಕೆ ಟವರ್ ಇರುವ ಗುಡ್ಡ. ಕಾಸರಗೋಡಿನ ಪೆರ್ಲದ ಹುಡುಗಿ ಇಪ್ಪತ್ತೇಳನೇ ವಯಸ್ಸಿಗೆ ಈ ಕೆಲಸಕ್ಕೆ ಸೇರಿ, ಈಗ ಐವತ್ತೊಂದಾಗಿತ್ತು. ಗಂಡ ತೀರಿಕೊಂಡು ಒಂಬತ್ತು ವರ್ಷ. ಒಬ್ಬಳೇ ಮಗಳು ಪ್ರತೀಕ್ಷಾ ಕೊಚ್ಚಿಯಲ್ಲಿ ಎಂಎಸ್ಸಿ ಓದುತ್ತ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಬಾಡಿಗೆಗಿದ್ದಳು.

ಒಂಬತ್ತು ಗಂಟೆಗೆ ಸಹೋದ್ಯೋಗಿ ಇಸ್ಮಾಯಿಲ್ ಬಂದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅವರನ್ನು ರಾಜೀವಿ ಅಣ್ಣನೆಂಬ ಅರ್ಥದಲ್ಲಿ 'ಇಸ್ಮಾಯಿಲಿಕ್ಕ' ಎಂದೇ ಕರೆಯುತ್ತಿದ್ದಳು. ಅವರು ಪುಸ್ತಕ ನೋಡಿದರು, ಕಿಟಕಿಯಾಚೆ ನೋಡಿದರು, ಮತ್ತೆ ಪುಸ್ತಕ ನೋಡಿದರು.

"ಎಲ್ಲಿಯ ಮಬ್ಬು ರಾಜೀವಿ?" ಮಲಯಾಳದಲ್ಲಿ ಕೇಳಿದರು.

"ಎಲ್ಲ ಕಡೆ ಇದೆಯಲ್ಲ. ಟವರ್ ಗುಡ್ಡವೇ ಕಾಣುತ್ತಿಲ್ಲ."

ಇಸ್ಮಾಯಿಲ್ ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಅವಳ ಮುಖವನ್ನು ನೋಡಿದರು. "ನಿನ್ನ ಎಡಗಣ್ಣು ಕೆಂಪಾಗಿದೆ," ಎಂದರು.

ರಾಜೀವಿ ಪುನಃ ತಾರಸಿ ಹತ್ತಿದಳು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಟವರ್ ಗುಡ್ಡ ಎದ್ದು ನಿಂತಿತು, ಟವರಿನ ಕಂಬಿಗಳ ಸಮೇತ. ಬಲಗಣ್ಣನ್ನು ಮುಚ್ಚಿದಳು. ಗುಡ್ಡವಿಲ್ಲ, ಟ್ಯಾಂಕಿಲ್ಲ, ಬರೀ ಹಾಲು. ಹಾಲಿನಲ್ಲಿ ಸಣ್ಣ ಕಪ್ಪು ಚುಕ್ಕೆಗಳು ಮೆಲ್ಲಗೆ ತೇಲಿ ಇಳಿಯುತ್ತಿದ್ದವು.

ಮಂಜು ಇದ್ದದ್ದು ಊರಿನ ಮೇಲಲ್ಲ.

ಅವಳಿಗೆ ಆಶ್ಚರ್ಯವಾಗಲಿಲ್ಲ, ನಾಚಿಕೆಯಾಯಿತು. ಇದು ಅವಳಿಗೆ ಗೊತ್ತಿದ್ದ ಕಾಯಿಲೆ. ಎರಡು ವರ್ಷದ ಹಿಂದೆ, ಕೊಚ್ಚಿಯಲ್ಲಿ ಕೆಲಸದಲ್ಲಿದ್ದಾಗ, ಇದೇ ಕಣ್ಣಿನ ಒಳಗೆ ಉರಿಯೂತ ಬಂದಿತ್ತು. ಯುವೈಟಿಸ್ ಎಂಬ ಹೆಸರನ್ನು ಆಗಲೇ ಮೊದಲು ಕೇಳಿದ್ದು. ಎಡಪ್ಪಳ್ಳಿಯ ಹತ್ತಿರ ಚಿಕ್ಕದೊಂದು ಕಣ್ಣಿನ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರ್ ಆಯೇಷಾ ಎರಡು ತಿಂಗಳು ಹನಿ ಹಾಕಿಸಿ ವಾಸಿ ಮಾಡಿದ್ದಳು. ಈ ವರ್ಷ ನಲವತ್ತೈದು ದಾಟಿದವರಿಗೆಲ್ಲ ಕೊರೋನಾ ಲಸಿಕೆ ಎಂದಾದಾಗ ರಾಜೀವಿ ಮೊದಲು ಫೋನ್ ಮಾಡಿದ್ದು ಅವಳಿಗೇ.

"ತೆಗೊಳ್ಳಿ ರಾಜೀವಿಯಕ್ಕ," ಎಂದಿದ್ದಳು ಆಯೇಷಾ. "ಆದ್ರೆ ಒಂದು ಉಂಟು. ಒಮ್ಮೆ ಬಂದ ಕಣ್ಣಿಗೆ ಲಸಿಕೆ ಆದ ಮೇಲೆ ಪುನಃ ಬಂದದ್ದು ಅಲ್ಲಿ ಇಲ್ಲಿ ಕೇಳ್ತಾ ಇದ್ದೇವೆ. ಎಲ್ರಿಗೂ ಅಲ್ಲ, ಕೆಲವರಿಗೆ. ಕೆಂಪು, ನೋವು, ಮಸುಕು, ಮೂರರಲ್ಲಿ ಒಂದು ಕಂಡ್ರೂ ಅದೇ ದಿನ ಬರ್ಬೇಕು. ಗೊತ್ತಾಯ್ತಲ್ಲ?"

ಗೊತ್ತಾಗಿತ್ತು. ಏಪ್ರಿಲ್ ಏಳಕ್ಕೆ, ಪ್ರತೀಕ್ಷಾ ಕೊಚ್ಚಿಯಿಂದಲೇ ಫೋನಿನಲ್ಲಿ ಹೆಸರು ನೋಂದಾಯಿಸಿದ ಶಾಲೆಯೊಂದರಲ್ಲಿ ಲಸಿಕೆ ಹಾಕಿಸಿಕೊಂಡಳು. ಒಂದು ದಿನ ಮೈ ಬಿಸಿಯಿತ್ತು, ಹೋಯಿತು. ಏಪ್ರಿಲ್ ಹದಿನಾಲ್ಕರ ವಿಷು ಹಬ್ಬಕ್ಕೆ ಮಗಳು ಎರಡು ದಿನಕ್ಕೆಂದು ಬಂದಳು. ಆ ಬೆಳಿಗ್ಗೆ ದೇವರ ಮುಂದಿನ ದೀಪದ ಸುತ್ತ ಒಂದು ತೆಳು ಬಳೆ ಕಂಡಿತು ರಾಜೀವಿಗೆ. ಎಷ್ಟು ಚಂದ ಎಂದುಕೊಂಡಳು. ಸಂಜೆ ಅಮ್ಮ ಮಗಳು ಚಾಲೈ ಬೀದಿಗೆ ಹೋದಾಗ, ಮಾರಿ ಉಳಿದ ಕೊನ್ನೆ ಎಂಬ ಕಕ್ಕೆ ಹೂಗಳು ಅಂಗಡಿಗಳ ಬಾಗಿಲಲ್ಲಿ ರಾಶಿ ಬಿದ್ದಿದ್ದವು. ಹಳದಿ ಹೂಗಳು ಹೂವಾಗಿ ಕಾಣಲಿಲ್ಲ. ಹಳದಿ ಬೆಳಕು ಬೀದಿಯ ತುಂಬ ಹರಿದು ಹೋಗುತ್ತಿದ್ದ ಹಾಗಿತ್ತು. ಅದರ ನಡುವೆ ಅವಳು ಮಗಳ ತೋಳು ಹಿಡಿದು ತೇಲಿಕೊಂಡು ನಡೆದಳು. ಎಡಗಣ್ಣಿನ ಮೂಲೆಯಲ್ಲಿ ಮಂದವಾದ ನೋವೊಂದು ಕೂತಿತ್ತು. ಪಟಾಕಿಯ ಹೊಗೆ ಇರಬೇಕು ಎಂದು ಅದನ್ನು ಅಲ್ಲೇ ಬಿಟ್ಟಿದ್ದಳು.

ಈಗ ಕೆಳಗಿಳಿದು ಬಂದು ಕೆಂಪು ಪೆನ್ನು ತೆಗೆದುಕೊಂಡು, ಬರೆದದ್ದರ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಸಹಿ ಹಾಕಿದಳು. "ಇಸ್ಮಾಯಿಲಿಕ್ಕ, ಸರಿಯಾದ್ದನ್ನು ನೀವು ನೋಡಿ ಬರೆಯಿರಿ. ಕಾರಣ ಕೇಳಿದರೆ ನನ್ನ ಕಣ್ಣು ಅಂತ ಹೇಳಿ."

"ಕಾರಣ ಆಮೇಲೆ. ನೀನು ಮೊದಲು ರೈಲು ಹತ್ತು," ಎಂದರು ಇಸ್ಮಾಯಿಲ್. "ನಿನ್ನ ಪಾಳಿ ನಾನು ನೋಡಿಕೊಳ್ಳುತ್ತೇನೆ."

ಕೊಚ್ಚಿಗೆ ಮಧ್ಯಾಹ್ನದ ರೈಲು. ಕಪ್ಪು ಕನ್ನಡಕ ಹಾಕಿ, ಎಡಗಣ್ಣು ಮುಚ್ಚಿ ಕಿಟಕಿಯ ಪಕ್ಕ ಕೂತಳು. ಬಿಸಿಲು ಬಿದ್ದ ಕಡೆಯೆಲ್ಲ ಕಣ್ಣಿನ ಹಿಂದಿನಿಂದ ಯಾರೋ ದಾರ ಎಳೆದ ಹಾಗೆ ಆಗುತ್ತಿತ್ತು. ಕೊಲ್ಲಂ ಬರುವ ಮೊದಲು ರೈಲು ಹಿನ್ನೀರಿನ ಮೇಲೆ ಹೋಗುವಾಗ, ತಡೆಯಲಾರದೆ ಎರಡೂ ಕಣ್ಣು ತೆರೆದಳು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ದೋಣಿಯೊಂದು ಎರಡರ ನಡುವೆ ಯಾವ ಆಧಾರವೂ ಇಲ್ಲದೆ ನಿಂತಿತ್ತು. ಸುತ್ತಲೂ ಮಾಸ್ಕು ಹಾಕಿದ ಜನ ಮಾತಿಲ್ಲದೆ ತೂಗಾಡುತ್ತ ಕೂತಿದ್ದರು. ಇದೆಲ್ಲ ತಾನು ಕಾಣುತ್ತಿರುವ ಕನಸು, ಇಳಿಯುವ ನಿಲ್ದಾಣದಲ್ಲಿ ಯಾರಾದರೂ ಎಬ್ಬಿಸಬಹುದು ಎನಿಸಿತು ಅವಳಿಗೆ.

ಎಬ್ಬಿಸಲು ಪ್ರತೀಕ್ಷಾ ನಿಂತಿದ್ದಳು. ಕೊಚ್ಚಿಯ ಎರ್ನಾಕುಳಂ ಪ್ಲಾಟ್‌ಫಾರ್ಮಿನಲ್ಲಿ ಅಮ್ಮನ ಕನ್ನಡಕವನ್ನು ತಾನೇ ತೆಗೆದು ನೋಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮಲಯಾಳವೇ.

"ಞಾನಲ್ಲೇ ಅಮ್ಮೇ ಬುಕ್ ಚೆಯ್ದದು," ಎಂದಳು. ಲಸಿಕೆಗೆ ನಾನೇ ಅಲ್ಲವೇ ಬುಕ್ ಮಾಡಿದ್ದು ಎಂದು.

"ನೀನು ಎಂತ ಮಾಡಿದ್ದಿ ಮಗಾ? ಎಲ್ರೂ ತೆಗೊಳ್ತಾ ಇದ್ದಾರೆ."

ಎಡಪ್ಪಳ್ಳಿಗೆ ಮೆಟ್ರೋದಲ್ಲಿ ಹೋಗುವಷ್ಟೂ ಹೊತ್ತು ಮಗಳು ಅವಳ ಕೈ ಬಿಡಲಿಲ್ಲ.

ಡಾಕ್ಟರ್ ಆಯೇಷಾ ಮಂಜೇಶ್ವರದವಳು, ಏಳನೆಯ ತನಕ ಕನ್ನಡ ಶಾಲೆಯಲ್ಲಿ ಕಲಿತವಳು. ನಲವತ್ತು ದಾಟಿರಲಿಲ್ಲ. ಕತ್ತಲು ಕೋಣೆಯಲ್ಲಿ ರಾಜೀವಿಯ ಗಲ್ಲವನ್ನು ಯಂತ್ರದ ಮೇಲಿಡಿಸಿ, ಗೆರೆಯಂಥ ಬೆಳಕನ್ನು ಕಣ್ಣಿನೊಳಗೆ ಹಾಯಿಸಿ, ಬಹಳ ಹೊತ್ತು ನೋಡಿದಳು.

"ಎಷ್ಟು ದಿನ ಆಯ್ತು?"

"ಮೂರು."

"ಮೂರು ದಿನ ಎಂತ ಮಾಡ್ತಾ ಇದ್ರಿ ರಾಜೀವಿಯಕ್ಕ?"

ರಾಜೀವಿ ಗಲ್ಲವನ್ನು ಯಂತ್ರದಿಂದ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಹೆಂಚಿನ ಸಂದಿಯಲ್ಲಿ ಬಿಸಿಲಕೋಲು ಬೀಳ್ತದಲ್ಲ, ಅದ್ರಲ್ಲಿ ಧೂಳು ಕುಣಿಯುವುದು ನೋಡಿದ್ದೀರಲ್ಲ? ನಿಮ್ಮ ಕಣ್ಣಿನ ಒಳಗಿನ ನೀರಲ್ಲಿ ಈಗ ಹಾಗೆ ಉಂಟು. ಅದು ಧೂಳಲ್ಲ, ಬಿಳಿ ರಕ್ತಕಣಗಳು. ಅವು ಜಗಳಕ್ಕೆ ಬಂದಿವೆ, ಅಲ್ಲಿ ಶತ್ರು ಇಲ್ಲ." ಆಯೇಷಾ ದೀಪ ಹಾಕಿದಳು. "ಇನ್ನು ಎರಡು ದಿನ ಬಿಟ್ಟಿದ್ರೆ ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಳ್ತಿತ್ತು. ಈಗಲೇ ಒಂದು ಕಡೆ ಸ್ವಲ್ಪ ಅಂಟಿದೆ. ಬಿಡಿಸುವ."

"ಲಸಿಕೆಯಿಂದಲೇ ಬಂದದ್ದಾ ಡಾಕ್ಟರ್?" ಪ್ರತೀಕ್ಷಾ ಮಲಯಾಳದಲ್ಲೇ ಕೇಳಿದಳು.

"ಹೌದು ಅಂತ ಹೇಳ್ಲಿಕ್ಕೆ ನನ್ನ ಹತ್ರ ಸಾಕ್ಷಿ ಇಲ್ಲ. ಅಲ್ಲ ಅಂತ ಹೇಳುವ ಧೈರ್ಯವೂ ಇಲ್ಲ. ಈ ಕಾಯಿಲೆ ತಾನಾಗಿಯೂ ಮರಳ್ತದೆ. ಒಂಬತ್ತು ದಿನದಲ್ಲಿ ಬಂದಿದೆ, ಅಷ್ಟು ಮಾತ್ರ ನಾನು ಬರೆದಿಡ್ತೇನೆ."

ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಸ್ಟೀರಾಯ್ಡ್ ಹನಿ. ದಿನಕ್ಕೆ ಎರಡು ಸಲ ಪಾಪೆ ಅಗಲಿಸುವ ಹನಿ. ರಾಜೀವಿ ರಜೆ ಬರೆದು ಕಳಿಸಿ ಮಗಳ ಮನೆಯಲ್ಲಿ ಉಳಿದಳು. ತ್ರಿಪ್ಪುಣಿತ್ತುರದ ಆ ಮನೆ ಎರಡನೆಯ ಮಹಡಿಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ದೇವಸ್ಥಾನದ ಕೆರೆಯ ಕಡೆಗೆ ತೆರೆದ ಚಿಕ್ಕ ಬಾಲ್ಕನಿ. ಮೇ ತಿಂಗಳಲ್ಲಿ ಲಾಕ್‌ಡೌನ್ ಬಂತು. ಬೀದಿಯ ಸದ್ದುಗಳೆಲ್ಲ ನಿಂತು, ಕೆರೆಯಲ್ಲಿ ಮೀನು ಹಾರಿದರೆ ಮೇಲಿನ ತನಕ ಕೇಳುತ್ತಿತ್ತು.

ಹನಿ ಹಾಕಿದ ಕಣ್ಣಿನ ಪಾಪೆ ಗೋಲಿಯಷ್ಟು ಅಗಲವಾಗಿ ಬೆಳಕನ್ನು ತಡೆಯಲಾರದೆ ಎಲ್ಲವನ್ನೂ ಒಳಗೆ ಬಿಡುತ್ತಿತ್ತು. ಒಗೆದು ಹಾಕಿದ ಬಿಳಿ ಹೊದಿಕೆ ಹಗ್ಗದ ಮೇಲೆ ಉರಿಯುತ್ತಿತ್ತು. ಸ್ಟೀಲಿನ ಲೋಟದ ಅಂಚಿನಿಂದ ಕಿರಣಗಳು ಎದ್ದು ಗೋಡೆಯವರೆಗೆ ಹೋಗುತ್ತಿದ್ದವು. ರಾಜೀವಿ ಪರದೆ ಎಳೆದು, ಮಂಚದ ಮೇಲೆ ಮಲಗಿ, ಹಗಲಿನ ಅರ್ಧವನ್ನು ನಿದ್ದೆ ಎಚ್ಚರಗಳ ನಡುವೆ ಕಳೆದಳು. ಆ ಮಂಪರಿನಲ್ಲಿ ಪೆರ್ಲದ ಗುಡ್ಡೆ, ಗಂಡ ಶರಟಿಗೆ ಗುಂಡಿ ಹಾಕುತ್ತಿದ್ದ ರೀತಿ, ತಾರಸಿಯ ಮೆಟ್ಟಿಲುಗಳು, ಎಲ್ಲ ಒಂದೇ ನೀರಿನಲ್ಲಿ ತೇಲಿ ಬರುತ್ತಿದ್ದವು. ನಡುನಡುವೆ ಮಗಳ ತಣ್ಣನೆಯ ಬೆರಳು ಕೆಳರೆಪ್ಪೆಯನ್ನು ಜಗ್ಗುತ್ತಿತ್ತು. ಒಂದು ಹನಿ ಬೀಳುತ್ತಿತ್ತು. "ಕಣ್ಣಡಯ್ಕ್ ಅಮ್ಮೇ," ಎಂಬ ದನಿ. ಕಣ್ಣು ಮುಚ್ಚು ಎಂದು.

ಮೇ ನಡುವಿನಲ್ಲಿ ಸಮುದ್ರದಲ್ಲಿ ಚಂಡಮಾರುತವೆದ್ದಿತು. ಬಾಲ್ಕನಿಯ ಬಾಗಿಲು ಒಂದೇ ಸಮನೆ ಬಡಿದುಕೊಂಡಿತು. ಆ ಮಧ್ಯಾಹ್ನ ರಾಜೀವಿಗೆ ಸುಮ್ಮನೆ ಮಲಗಿರಲಾಗಲಿಲ್ಲ. "ಹೊರಗೆ ಹೋಗಿ ಮೋಡ ಹೇಗುಂಟು ಹೇಳು," ಎಂದಳು.

"ಕರುತ್ತದು," ಎಂದಳು ಮಗಳು. ಕಪ್ಪು ಮೋಡ.

"ಕಪ್ಪು ಅಂದ್ರೆ ಸಾಲದು. ಅಡಿಭಾಗ ಹರಿದ ಹಾಗೆ ಉಂಟಾ, ಸಪಾಟಾಗಿ ಉಂಟಾ? ಯಾವ ಕಡೆಗೆ ಓಡ್ತಾ ಉಂಟು?"

ಪ್ರತೀಕ್ಷಾ ಮಳೆಯಲ್ಲಿ ನೆನೆಯುತ್ತ ನಿಂತು ಹೇಳತೊಡಗಿದಳು. ಹತ್ತಿ ಹಿಂಜಿದ ಹಾಗೆ ಅಡಿಭಾಗ, ತೆಂಕಣದಿಂದ ಬಡಗಣಕ್ಕೆ, ಮೇಲಿನ ಪದರ ನಿಧಾನ, ಕೆಳಗಿನದು ಬಹಳ ಬೇಗ. ರಾಜೀವಿ ಕಣ್ಣು ಮುಚ್ಚಿ ಕೇಳಿದಳು. ಮಗಳ ಮಾತಿನಲ್ಲಿ ಆಕಾಶ ಕೋಣೆಯೊಳಗೆ ಬಂದು ಸೀಲಿಂಗಿನ ತುಂಬ ಓಡತೊಡಗಿತು. ಒದ್ದೆ ತಲೆಯಲ್ಲಿ ಒಳಗೆ ಬಂದು ಮಂಚದ ಮೇಲೆ ಕೂತ ಪ್ರತೀಕ್ಷಾ ಒಮ್ಮೆಲೇ ಕೇಳಿದಳು, ತಿಂಗಳಿನಿಂದ ಹಿಡಿದಿಟ್ಟ ಪ್ರಶ್ನೆಯನ್ನು: "ವಿಷು ದಿನ ನಾನು ಅಲ್ಲೇ ಇದ್ದೆ. ಯಾಕೆ ಹೇಳಲಿಲ್ಲ?"

ರಾಜೀವಿ ಟವೆಲು ತೆಗೆದು ಮಗಳ ಒದ್ದೆ ತಲೆ ಒರೆಸತೊಡಗಿದಳು.

"ಹೇಳಿದ್ರೆ ನೀನು ಅದೇ ದಿನ ನನ್ನನ್ನು ಎಳ್ಕೊಂಡು ಬರ್ತಿದ್ದಿ. ಎಂಟು ತಿಂಗಳ ಮೇಲೆ ನೀನು ಮನೆಗೆ ಬಂದದ್ದು. ಎರಡು ದಿನ ಆದ್ರೂ ಇರ್ಲಿ ಅನ್ನಿಸ್ತು. ಮತ್ತೆ ಹೆದರಿಕೆ. ಹೋದ ಸಲ ನಾಲ್ಕು ತಿಂಗಳು ನನ್ನನ್ನು ಕೆಳಗೆ ಫೈಲು ನೋಡ್ಲಿಕ್ಕೆ ಕೂರಿಸಿದ್ರು. ಈ ಸಲ ಮೇಲೆ ಬಿಡುವುದೇ ಇಲ್ಲ ಅಂತ ತೋರಿತು. ನನಗೆ ಬೇರೆ ಎಂತ ಗೊತ್ತುಂಟು ಹೇಳು. ಕಾಣುವುದು ಬಿಟ್ರೆ?"

"ಅದಕ್ಕೆ ಕಾಣದ ಹಾಗೆ ಇದ್ದಿರಾ?"

ಮಗಳು ಕೋಪದಿಂದ ಹೇಳಿದ್ದಳು. ಆದರೆ ಇಬ್ಬರಿಗೂ ಒಟ್ಟಿಗೇ ನಗು ಬಂತು. ನಗು ನಿಲ್ಲುವಾಗ ಪ್ರತೀಕ್ಷಾಳ ಕಣ್ಣಿನಲ್ಲಿ ನೀರಿತ್ತು. ಹನಿ ಹಾಕುವ ಹೊತ್ತೂ ಆಗಿತ್ತು.

ಅದೇ ವಾರ ಇಸ್ಮಾಯಿಲ್ ಅವರ ಮಗಳ ಫೋನ್ ಬಂತು. ಅವರಿಗೆ ಕೊರೋನಾ, ಆಸ್ಪತ್ರೆಯಲ್ಲಿದ್ದಾರೆ, ಆಮ್ಲಜನಕ ಕೊಟ್ಟಿದ್ದಾರೆ. ಲಸಿಕೆ ಆಮೇಲೆ ನೋಡೋಣ ಎಂದು ಮುಂದೂಡುತ್ತ ಬಂದವರು ಅವರು. ಒಂದು ಡೋಸೂ ಆಗಿರಲಿಲ್ಲ. ರಾಜೀವಿ ಫೋನ್ ಇಟ್ಟಳು. ತನ್ನ ಪಾಳಿಯನ್ನೂ ಅವರೇ ಮಾಡುತ್ತಿದ್ದರಲ್ಲ ಎಂದು ಮತ್ತೆ ಮತ್ತೆ ಅನಿಸಿತು. ಹದಿನೆಂಟು ದಿನದ ಮೇಲೆ ಅವರು ಆಸ್ಪತ್ರೆಯಿಂದ ಮನೆಗೆ ಮರಳಿ ಫೋನ್ ಮಾಡಿದರು. ದನಿ ಮಾತ್ರ ಎಲ್ಲೋ ದೂರದ ಕೊಳವೆಯೊಳಗಿನಿಂದ ಬಂದ ಹಾಗಿತ್ತು. "ನಿನ್ನ ಕಣ್ಣು ಹೇಗಿದೆ?" ಎಂದು ಅವರೇ ಮೊದಲು ಕೇಳಿದರು.

ಕಣ್ಣು ಜೂನ್ ಮುಗಿಯುವ ಹೊತ್ತಿಗೆ ತಿಳಿಯಾಯಿತು. ಹನಿ ಗಂಟೆಗೊಮ್ಮೆ ಇದ್ದದ್ದು ದಿನಕ್ಕೆ ಆರು, ನಾಲ್ಕು, ಒಂದು ಎಂದು ಇಳಿದು ನಿಂತಿತು. ಅಂಟಿದ್ದ ಪಾಪೆ ಬಿಟ್ಟುಕೊಂಡಿತು. ಅಂಚಿನಲ್ಲಿ ಒಂದು ಕಂದು ಕಲೆ ಮಾತ್ರ ಉಳಿಯಿತು. ಆಗ ಎರಡನೆಯ ಡೋಸಿನ ಮಾತು ಬಂತು.

"ಬೇಡ," ಎಂದಳು ಪ್ರತೀಕ್ಷಾ, ಡಾಕ್ಟರ ಎದುರಿಗೇ. "ಒಂದು ಸಾಕು."

ಆಯೇಷಾ ರಾಜೀವಿಯ ಕಡೆ ತಿರುಗಿದಳು. "ಪುನಃ ಬರಬಹುದು, ಬರದೆಯೂ ಇರಬಹುದು, ನಾನು ಸುಳ್ಳು ಹೇಳುವುದಿಲ್ಲ. ಹನಿ ನಿಲ್ಲಿಸಿ ನಾಲ್ಕು ವಾರ ಕಣ್ಣು ಶಾಂತವಾಗಿರ್ಲಿ, ಮತ್ತೆ ತೆಗೊಳ್ಳಿ ಅಂತ ನನ್ನ ಅಭಿಪ್ರಾಯ. ಕಣ್ಣಿನದ್ದು ಬೇಗ ಸಿಕ್ಕಿದ್ರೆ ಹನಿಯಲ್ಲಿ ತಗ್ಗಿಸ್ತೇನೆ. ಶ್ವಾಸಕೋಶಕ್ಕೆ ನನ್ನ ಹತ್ರ ಹನಿ ಇಲ್ಲ. ನಿರ್ಧಾರ ನಿಮ್ಮದು."

ಪೇಟ್ಟ ಮೆಟ್ರೋ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದು ಮನೆ ಸೇರುವವರೆಗೂ ಪ್ರತೀಕ್ಷಾ ವಾದ ಮಾಡಿದಳು. ಅಮ್ಮನ ಕಣ್ಣು, ಅಮ್ಮನ ಕೆಲಸ, ಪುನಃ ಎರಡು ತಿಂಗಳ ಕತ್ತಲೆ. ರಾಜೀವಿ ಎಲ್ಲವನ್ನೂ ಕೇಳಿದಳು. ಮನೆಯ ಮೆಟ್ಟಿಲ ಹತ್ತಿರ ನಿಂತು ಹೇಳಿದಳು: "ಮೊದಲನೆಯದು ನೀನು ಬುಕ್ ಮಾಡಿದ್ದಿ ಅಂತ ಇಷ್ಟು ದಿನ ಕೊರಗಿದಿ. ಎರಡನೆಯದು ನಾನೇ ಮಾಡ್ತೇನೆ. ಎಂತ ಆದ್ರೂ ಅದು ನನ್ನದು. ಆದ್ರೆ ಈ ಸಲ ಒಂದು ಮಾತು ಕೊಡ್ತೇನೆ, ಅಡಗಿಸಿಡುವುದಿಲ್ಲ."

ಜುಲೈಯಲ್ಲಿ ಅವಳು ತಿರುವನಂತಪುರಕ್ಕೆ ಮರಳಿದಳು. ಇಸ್ಮಾಯಿಲ್ ಕೆಲಸಕ್ಕೆ ಬಂದಿದ್ದರು. ತಾರಸಿಗೆ ಇಪ್ಪತ್ತೆಂಟು ಮೆಟ್ಟಿಲು. ಅವರು ಮೂರು ಕಡೆ ನಿಲ್ಲುತ್ತಿದ್ದರು. ಮೇಲಧಿಕಾರಿ ರಾಜೀವಿಯ ಕಣ್ಣಿನ ವರದಿ ಕೇಳಿದಾಗ ಅವಳು ಎಲ್ಲವನ್ನೂ ಇದ್ದ ಹಾಗೆ ಬರೆದುಕೊಟ್ಟಳು, ಏಪ್ರಿಲಿನ ಮೂರು ದಿನವನ್ನೂ ಸೇರಿಸಿ. ಅವಳನ್ನು ಕೆಳಗೇ ಕೂರಿಸಿದರು, ಸದ್ಯಕ್ಕೆ. ಅವಳು ಅಂದುಕೊಂಡಷ್ಟು ಅದು ನೋಯಲಿಲ್ಲ. ಇಸ್ಮಾಯಿಲ್ ಒಬ್ಬರೇ ಮೇಲೆ ಹೋಗಲಾಗದ ದಿನ ಮಾತ್ರ ಇಬ್ಬರೂ ಒಟ್ಟಿಗೆ ಹತ್ತುತ್ತಿದ್ದರು. ಅವರ ಉಸಿರಿಗಾಗಿ ಅವಳು ಮೆಟ್ಟಿಲಲ್ಲಿ ಕಾಯುತ್ತಿದ್ದಳು, ಅವಳು ಹೇಳಿದ್ದನ್ನು ಅವರು ಇನ್ನೊಮ್ಮೆ ನೋಡಿ ಬರೆಯುತ್ತಿದ್ದರು.

ಆಗಸ್ಟ್ ಐದಕ್ಕೆ ಎರಡನೆಯ ಡೋಸ್ ಆಯಿತು. ಪ್ರತೀಕ್ಷಾ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು, ಮುಖ ಊದಿಸಿಕೊಂಡು. ಅಂದಿನಿಂದ ಪ್ರತಿ ಬೆಳಿಗ್ಗೆ ರಾಜೀವಿ ಕಿಟಕಿಯ ಬಳಿ ನಿಂತು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ನೋಡಿ, ಮಗಳಿಗೆ ಫೋನಿನಲ್ಲಿ 'ಸರಿ ಉಂಟು' ಎಂದು ಎರಡೇ ಪದ ಕಳಿಸುತ್ತಿದ್ದಳು. ಹನ್ನೊಂದನೆಯ ಬೆಳಿಗ್ಗೆ ಮಸುಕೇನೂ ಇರಲಿಲ್ಲ. ಆದರೆ ಕನ್ನಡಿಯಲ್ಲಿ, ಎಡಗಣ್ಣಿನ ಕಪ್ಪಿನ ಸುತ್ತ, ಕುಂಕುಮ ತಾಗಿದ ಬೆರಳಿನಿಂದ ಮುಟ್ಟಿದಷ್ಟು ತೆಳುವಾದ ಕೆಂಪು. ನೋವೂ ಇಲ್ಲ. ಅವಳ ಹೆಬ್ಬೆರಳು ಕ್ಷಣಹೊತ್ತು ಫೋನಿನ ಮೇಲೆ ನಿಂತಿತು. ಆಮೇಲೆ ಬರೆದಳು: 'ಕೆಂಪು ಉಂಟು. ಹೊರಟೆ.'

"ಬೆರಳೆಣಿಕೆಯಷ್ಟು ಕಣಗಳು," ಎಂದಳು ಆಯೇಷಾ ಆ ಮಧ್ಯಾಹ್ನ, ಯಂತ್ರದ ಹಿಂದಿನಿಂದ. "ಇಷ್ಟು ಬೇಗ ಯಾರೂ ನನ್ನ ಹತ್ರ ಬಂದದ್ದಿಲ್ಲ ಮಾರಾಯ್ರೆ."

ಈ ಸಲ ಹಾಸಿಗೆ ಹಿಡಿಯಬೇಕಾಗಲಿಲ್ಲ. ಓಣಂ ಊಟವನ್ನು ಕಪ್ಪು ಕನ್ನಡಕದಲ್ಲೇ ಉಂಡಳು. ನಾಲ್ಕು ವಾರದಲ್ಲಿ ಹನಿ ನಿಂತಿತು.

ಸೆಪ್ಟೆಂಬರಿನ ನಡುವೆ ಆ ಸಲದ ಕೊನೆಯ ಪರೀಕ್ಷೆ. ಅಂದು ಕಣ್ಣಿನ ಹಿಂಭಾಗವನ್ನೂ ನೋಡಬೇಕೆಂದು ಎರಡೂ ಕಣ್ಣಿಗೆ ಪಾಪೆ ಅಗಲಿಸುವ ಹನಿ ಹಾಕಿದ್ದರು. ಎಲ್ಲ ಸರಿಯಿದೆ, ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು, ತಾರಸಿ ಹತ್ತಬಹುದೆಂದು ಕಚೇರಿಗೆ ಚೀಟಿ ಕೊಡುತ್ತೇನೆ ಎಂದಳು ಆಯೇಷಾ. ಮಗಳ ಜೊತೆ ಹೊರಗೆ ಬಂದರೆ ಎಡಪ್ಪಳ್ಳಿ ಇಡೀ ಬೆಳಕಾಗಿತ್ತು. ಬಸ್ಸುಗಳು ಕೆಂಪು ಬಣ್ಣವಾಗಿ ಹರಿದವು. ಮೆಟ್ರೋ ಕಂಬಗಳು ತಳವಿಲ್ಲದೆ ಮೇಲೆ ನಿಂತಿದ್ದವು. ಜನ ಅಂಚುಗಳಿಲ್ಲದೆ ಬಂದು ಹೋದರು. ರಸ್ತೆ ದಾಟಲು ನಿಂತಾಗ ರಾಜೀವಿ ಪಕ್ಕಕ್ಕೆ ಕೈ ಚಾಚಿದಳು, ಮಗಳ ಕೈ ಸಿಕ್ಕಿತು, ಹಿಡಿದುಕೊಂಡು ನಡೆದಳು.

"ಆಯೇಷಾ ಚೀಟಿ ಕೊಡ್ತಾರಂತೆ," ಎಂದಳು ನಡೆಯುತ್ತ. "ಆದ್ರೆ ನನಗೆ ಈಗ ಅವಸರ ಇಲ್ಲ ಮಗಾ. ಮೊದಲು ಎಲ್ಲಾದ್ರೂ ಕೂತು ಚಾ ಕುಡಿಯುವ."

ಉತ್ತರ ಬರಲಿಲ್ಲ. ಕೈ ಮಾತ್ರ ಅವಳನ್ನು ಮೆಲ್ಲಗೆ, ವಾಹನಗಳ ನಡುವೆ ತಡೆದು ತಡೆದು, ಆಚೆ ಬದಿಗೆ ತಂದಿತು. ಫುಟ್‌ಪಾತ್ ಹತ್ತಿದ ಮೇಲೆ ಬಿಟ್ಟಿತು.

"ಮೋಳ್ ಅವಿಡೆಯಾ ಚೇಚೀ," ಎಂದಿತು ಅವಳು ಎಂದೂ ಕೇಳದ ಹೆಂಗಸಿನ ದನಿ. ಮಗಳು ಅಲ್ಲಿದ್ದಾಳೆ ಅಕ್ಕಾ. ರಾಜೀವಿ ತಿರುಗಿದಳು. ದಾಟಿ ಬಂದ ಬದಿಯಲ್ಲಿ ಹಸಿರು ಚೂಡಿದಾರದ ಆಕಾರವೊಂದು ಎರಡೂ ಕೈ ಮೇಲೆತ್ತಿ ಬೀಸುತ್ತ ಕೂಗುತ್ತಿತ್ತು. ಕೃತಜ್ಞತೆ ಹೇಳಲು ಇತ್ತ ತಿರುಗುವಷ್ಟರಲ್ಲಿ ಆ ಹೆಂಗಸು ಆಗಲೇ ಬೆಳಕಿನಲ್ಲಿ ಬೆರೆತು ಹೋಗಿದ್ದಳು. ಕೈಯ ಬಿಸುಪು ಮಾತ್ರ ರಾಜೀವಿಯ ಅಂಗೈಯಲ್ಲಿ ಇನ್ನೂ ಇತ್ತು.